ಬೈಕ್ ಇದ್ದರೆ ಸಾಕು, ಔಷಧ ಡೆಲಿವರಿ ಶುರು ಮಾಡಬಹುದೇ?

“ಅಂಗಡಿ ಬೇಡ, ಬಂಡವಾಳ ಬೇಡ, ಲೈಸೆನ್ಸ್ ಬೇಡ. ಒಂದು ಬೈಕ್, ಒಂದು ಸ್ಮಾರ್ಟ್‌ಫೋನ್ ಇದ್ದರೆ ಮನೆಯಿಂದಲೇ ಔಷಧ ಡೆಲಿವರಿ ಬಿಸಿನೆಸ್ ಶುರು ಮಾಡಿ.” ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಕೆಲವದರ ಕೊನೆಗೆ ಒಂದು ಫೋನ್ ನಂಬರ್ ಇರುತ್ತದೆ, ಅದರ ಪಕ್ಕದಲ್ಲೇ ‘ಫ್ರಾಂಚೈಸಿ ಶುಲ್ಕ’ ಎಂಬ ಸಣ್ಣ ಸಾಲು ಇರುತ್ತದೆ. ಕೆಲಸ ಹುಡುಕುತ್ತಿರುವ ತಮ್ಮನಿಗೋ ಅಕ್ಕನ ಮಗನಿಗೋ ಉಪಯೋಗವಾಗಲಿ ಅಂತ ಒಳ್ಳೆಯ ಮನಸ್ಸಿನಿಂದಲೇ ಜನ ಇದನ್ನು ಮುಂದಕ್ಕೆ ಕಳಿಸುತ್ತಾರೆ.

ಸಂದೇಶ ಪೂರ್ತಿ ಸುಳ್ಳಾಗಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಇದರಲ್ಲಿ ಅರ್ಧ ನಿಜ ಇದೆ. ಆ ಅರ್ಧ ನಿಜವನ್ನು ನಂಬಿ ಉಳಿದರ್ಧಕ್ಕೆ ಕಾಲಿಟ್ಟವರಿಗೆ ಕಾನೂನು ಇಟ್ಟಿರುವ ಶಿಕ್ಷೆ ಕನಿಷ್ಠ ಮೂರು ವರ್ಷ ಜೈಲು. ಹಾಗಾಗಿ ಎಳೆ ಬಿಡಿಸಿ ನೋಡೋಣ.

ಮಾರುವುದು ಬೇರೆ, ಒಯ್ಯುವುದು ಬೇರೆ

ನಿಮ್ಮ ಬೀದಿಯ ಮೆಡಿಕಲ್ ಶಾಪ್‌ನವರು ಬಿಲ್ ಹಾಕಿ, ಕವರ್ ಅಂಟಿಸಿ, “ಇದನ್ನು ಎರಡನೇ ಕ್ರಾಸ್‌ನ ಅಜ್ಜಿಗೆ ಕೊಟ್ಟು ಬಾ” ಎಂದು ನಿಮ್ಮ ಕೈಗೆ ಕೊಡುತ್ತಾರೆ ಅಂದುಕೊಳ್ಳಿ. ಮಾರಿದ್ದು ಅಂಗಡಿ. ನೀವು ಒಯ್ದಿರಿ ಅಷ್ಟೆ. ಇದಕ್ಕೆ ನಿಮ್ಮ ಹೆಸರಲ್ಲಿ ಔಷಧ ಪರವಾನಗಿ ಬೇಕಿಲ್ಲ. ‘ಔಷಧ ಡೆಲಿವರಿ ಲೈಸೆನ್ಸ್’ ಎಂಬ ಕಾಗದವೂ ಇಲ್ಲ. ಫಾರ್ವರ್ಡ್‌ನಲ್ಲಿರುವ ಅರ್ಧ ನಿಜ ಇದು.

ಈಗ ಸ್ವಲ್ಪ ಬದಲಿಸಿ ನೋಡಿ. ಹತ್ತು ಮನೆಯವರು ತಿಂಗಳ ಬಿಪಿ, ಶುಗರ್ ಮಾತ್ರೆಯ ಪಟ್ಟಿಯನ್ನು ನಿಮಗೇ ವಾಟ್ಸಾಪ್ ಮಾಡುತ್ತಾರೆ. ನೀವು ಹೋಲ್‌ಸೇಲ್‌ನಲ್ಲಿ ಕಡಿಮೆಗೆ ತಂದು ಮನೆಯ ಅಲ್ಮೇರಾದಲ್ಲಿ ಇಟ್ಟುಕೊಂಡು, ಬೇಕಾದವರಿಗೆ ಬೇಕಾದಷ್ಟು ಹಂಚುತ್ತೀರಿ. ಬೈಕ್ ಅದೇ, ಓಣಿ ಅದೇ. ಆದರೆ ಕಾನೂನಿನ ಕಣ್ಣಲ್ಲಿ ನೀವೀಗ ಔಷಧ ವ್ಯಾಪಾರಿ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 18(ಸಿ) ಕಲಂ ಲೈಸೆನ್ಸ್ ಇಲ್ಲದೆ ಔಷಧ ಮಾರುವುದನ್ನಷ್ಟೇ ನಿಷೇಧಿಸುವುದಿಲ್ಲ. ಮಾರಾಟಕ್ಕೆ ದಾಸ್ತಾನು ಇಡುವುದು, ಪ್ರದರ್ಶಿಸುವುದು, ‘ಕೊಡುತ್ತೇವೆ’ ಎಂದು ಮುಂದಿಡುವುದು, ಹಂಚುವುದು ಎಲ್ಲವೂ ಅದರೊಳಗೆ ಬರುತ್ತವೆ. ಅಂದರೆ ಒಂದು ಸ್ಟ್ರಿಪ್ ಕೂಡ ಮಾರದೆ, ‘ಎಲ್ಲ ಮಾತ್ರೆ ನಮ್ಮಲ್ಲಿ ಸಿಗುತ್ತವೆ’ ಎಂದು ಸ್ಟೇಟಸ್ ಹಾಕಿದರೂ ಪ್ರಶ್ನೆ ಏಳಬಹುದು.

ಶಿಕ್ಷೆ ಅದೇ ಕಾಯ್ದೆಯ 27ನೇ ಕಲಮಿನಲ್ಲಿದೆ. ಲೈಸೆನ್ಸ್ ಇಲ್ಲದ ಮಾರಾಟಕ್ಕೆ 3ರಿಂದ 5 ವರ್ಷ ಸೆರೆ. ಜೊತೆಗೆ ಕನಿಷ್ಠ 1 ಲಕ್ಷ ರೂಪಾಯಿ ಅಥವಾ ವಶಪಡಿಸಿಕೊಂಡ ಔಷಧದ ಬೆಲೆಯ ಮೂರು ಪಟ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದಂಡ. ವಿಶೇಷ ಕಾರಣ ದಾಖಲಿಸಿ ನ್ಯಾಯಾಲಯ ಕಡಿಮೆ ಮಾಡಬಹುದು ನಿಜ. ಆದರೆ ‘ನನಗೆ ಗೊತ್ತಿರಲಿಲ್ಲ, ವಾಟ್ಸಾಪ್‌ನಲ್ಲಿ ಓದಿದ್ದೆ’ ಎಂಬುದು ಅಂಥ ಕಾರಣವಾದೀತು ಎಂದು ನಮಗಂತೂ ಅನ್ನಿಸುವುದಿಲ್ಲ.

“ಪ್ಯಾರಸಿಟಮಾಲ್ ಕಿರಾಣಿ ಅಂಗಡಿಯಲ್ಲೂ ಸಿಗುತ್ತದಲ್ಲ?” ಎಂದು ಕೇಳುವವರು ಇದ್ದಾರೆ. ಇದಕ್ಕೂ ಒಂದು ಮೂಲ ಇದೆ. 1945ರ ಔಷಧ ನಿಯಮಗಳ ಶೆಡ್ಯೂಲ್ ‘ಕೆ’ಯಲ್ಲಿ ಪ್ಯಾರಸಿಟಮಾಲ್, ಗ್ರೈಪ್ ವಾಟರ್, ನೋವಿನ ಮುಲಾಮು ಮುಂತಾದ ‘ಮನೆಮದ್ದು’ಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಆದರೆ ಅದು ಒಂದು ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಹಳ್ಳಿಗಳಿಗೆ ಮಾತ್ರ, ಅದೂ ಷರತ್ತುಗಳ ಮೇಲೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲೇ ಅದಕ್ಕಿಂತ ಹೆಚ್ಚು ಜನ ಇರುತ್ತಾರೆ! ಆಯುರ್ವೇದ ಔಷಧಗಳ ಕತೆ ಬೇರೆ. ಅವನ್ನು ತಯಾರಿಸಲು ಲೈಸೆನ್ಸ್ ಬೇಕು, ಮಾರಲು ಈ ಕಾಯ್ದೆಯಡಿ ಬೇಕಿಲ್ಲ. ಇದನ್ನೇ ಹಿಡಿದು ‘ಔಷಧಕ್ಕೆ ಲೈಸೆನ್ಸ್ ಬೇಡ’ ಎಂದು ಹಿಗ್ಗಿಸುವ ಸಂದೇಶಗಳೂ ಓಡಾಡುತ್ತಿವೆ.

ಲೈಸೆನ್ಸ್ ಒಂದು ವಿಳಾಸಕ್ಕೆ ಅಂಟಿಕೊಂಡಿರುತ್ತದೆ

ಫ್ರಾಂಚೈಸಿ ಮಾರುವವರು ಸಾಮಾನ್ಯವಾಗಿ ಹೇಳುವ ಮಾತು: “ನಮ್ಮ ಕಂಪನಿಗೆ ಲೈಸೆನ್ಸ್ ಇದೆ, ಅದೇ ನಿಮಗೂ ಆಗುತ್ತದೆ.” ಆಗುವುದಿಲ್ಲ. ಔಷಧ ಮಾರಾಟದ ಲೈಸೆನ್ಸ್ ಕೊಡುವುದು ಒಂದು ನಿರ್ದಿಷ್ಟ ಜಾಗಕ್ಕೆ. ಒಂದಕ್ಕಿಂತ ಹೆಚ್ಚು ಕಡೆ ಮಾರಿದರೆ ಅಥವಾ ದಾಸ್ತಾನಿಟ್ಟರೆ ಪ್ರತಿ ಜಾಗಕ್ಕೂ ಬೇರೆ ಲೈಸೆನ್ಸ್ ಬೇಕು. ಹುಬ್ಬಳ್ಳಿಯ ಅಂಗಡಿಯ ಲೈಸೆನ್ಸು ಧಾರವಾಡದ ನಿಮ್ಮ ಹಾಲ್‌ಗೆ ನೆರಳು ಕೊಡದು.

ಹಾಗಾದರೆ ನೇರ ದಾರಿ ಯಾವುದು? ಚಿಲ್ಲರೆ ಮಾರಾಟಕ್ಕೆ ಫಾರ್ಮ್ 20 ಮತ್ತು ಫಾರ್ಮ್ 21 ಎಂಬ ಜೋಡಿ ಲೈಸೆನ್ಸ್ ಇದೆ. ಎರಡನೆಯದು ಇನ್ಸುಲಿನ್, ಲಸಿಕೆ ಥರದ ಜೈವಿಕ ಔಷಧಗಳಿಗೆ. ಹೋಲ್‌ಸೇಲ್ ಆದರೆ 20ಬಿ ಮತ್ತು 21ಬಿ. ಅಂಗಡಿ ಕನಿಷ್ಠ 10 ಚದರ ಮೀಟರ್ ಇರಬೇಕು, ಅಂದರೆ ಸುಮಾರು 108 ಚದರ ಅಡಿ. ಹೋಲ್‌ಸೇಲ್, ಚಿಲ್ಲರೆ ಎರಡೂ ಒಂದೇ ಕಡೆ ಎಂದರೆ 15 ಚದರ ಮೀಟರ್. ಫ್ರಿಜ್ ಇರಬೇಕು. ಅರ್ಜಿ ಹೋಗುವುದು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ, ದಿಲ್ಲಿಗಲ್ಲ. ಅವರು ಬಂದು ಜಾಗ ನೋಡುತ್ತಾರೆ. 2017ರ ತಿದ್ದುಪಡಿಯ ನಂತರ ಲೈಸೆನ್ಸ್ ಪದೇ ಪದೇ ನವೀಕರಿಸುವ ಗೋಳಿಲ್ಲ. ಐದು ವರ್ಷಕ್ಕೊಮ್ಮೆ ಉಳಿಕೆ ಶುಲ್ಕ ಕಟ್ಟಿದರೆ ಮುಂದುವರಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಫಾರ್ಮಸಿಸ್ಟ್. ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಾಯಿಸಿದ, ಡಿ.ಫಾರ್ಮ ಅಥವಾ ಬಿ.ಫಾರ್ಮ ಓದಿದ ಒಬ್ಬರು ಅಂಗಡಿಯಲ್ಲಿರಬೇಕು. ಡಾಕ್ಟರ್ ಚೀಟಿಯ ಔಷಧ ಅವರ ಖುದ್ದು ಮೇಲ್ವಿಚಾರಣೆಯಲ್ಲೇ ಹೊರಡಬೇಕು. ಸರ್ಟಿಫಿಕೇಟನ್ನು ತಿಂಗಳಿಗಿಷ್ಟು ಎಂದು ಬಾಡಿಗೆಗೆ ತಂದು ಗೋಡೆಗೆ ನೇತುಹಾಕುವ ಅಭ್ಯಾಸ ಎಲ್ಲರಿಗೂ ಗೊತ್ತು. ಅದು ರೂಢಿಯಲ್ಲಿದೆ ಎಂದ ಮಾತ್ರಕ್ಕೆ ಕಾನೂನಾಗುವುದಿಲ್ಲ. ಡೆಲಿವರಿ ವ್ಯವಹಾರದಲ್ಲಿ ಅದರ ಅಪಾಯ ಇನ್ನೂ ಹೆಚ್ಚು. ಕೌಂಟರಿನಲ್ಲಿ ರೋಗಿ ಎದುರಿಗಿರುತ್ತಾರೆ, “ಇದು ನನ್ನ ಮಾತ್ರೆ ಬಣ್ಣವಲ್ಲ” ಎಂದಾದರೂ ಹೇಳುತ್ತಾರೆ. ಡೆಲಿವರಿಯಲ್ಲಿ ಚೀಟಿಯ ಮಸುಕು ಫೋಟೋ ಒಂದೇ ಆಧಾರ. ಅದನ್ನು ಓದಬಲ್ಲ ಕಣ್ಣು ಅಂಗಡಿಯಲ್ಲಿಲ್ಲದಿದ್ದರೆ ಮುಂದಿನ ಯಾವ ವಿಮೆಯೂ ಪ್ರಯೋಜನಕ್ಕೆ ಬಾರದು.

ಜಿಎಸ್‌ಟಿ, ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ, ಇವೆಲ್ಲ ಬೇರೆ ಅಂಗಡಿಗಳಂತೆಯೇ. ಒಂದು ಮಾತ್ರ ನೆನಪಿರಲಿ: ಸ್ಟ್ರಿಪ್ ಮೇಲೆ ಅಚ್ಚಾದ ಗರಿಷ್ಠ ಬೆಲೆಗಿಂತ ಒಂದು ರೂಪಾಯಿ ಹೆಚ್ಚಿಗೆ ಮಾರುವಂತಿಲ್ಲ. ಡೆಲಿವರಿ ಶುಲ್ಕ ಬೇಕಿದ್ದರೆ ಬಿಲ್ಲಿನಲ್ಲಿ ಬೇರೆ ಸಾಲಾಗಿ, ಗಿರಾಕಿಗೆ ಮೊದಲೇ ತಿಳಿಸಿ ಹಾಕಬೇಕು.

ದೊಡ್ಡ ಆ್ಯಪ್‌ಗಳು ಮಾಡುತ್ತಿವೆಯಲ್ಲ?

ಇದು ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ. ಉತ್ತರ ನೇರವಾಗಿಲ್ಲ, ಏಕೆಂದರೆ ಕಾನೂನೇ ನೇರವಾಗಿಲ್ಲ.

ಆನ್‌ಲೈನ್ ಔಷಧ ಮಾರಾಟಕ್ಕೆಂದೇ ಕೇಂದ್ರ ಆರೋಗ್ಯ ಸಚಿವಾಲಯ 2018ರ ಆಗಸ್ಟ್ 28ರಂದು ಕರಡು ನಿಯಮ ಹೊರಡಿಸಿತು. ಅದು ಕರಡಾಗಿಯೇ ಉಳಿಯಿತು. ಅದೇ ವರ್ಷ ಡಿಸೆಂಬರಿನಲ್ಲಿ ದಿಲ್ಲಿ ಹೈಕೋರ್ಟ್ ಲೈಸೆನ್ಸ್ ಇಲ್ಲದ ಆನ್‌ಲೈನ್ ಮಾರಾಟಕ್ಕೆ ತಡೆ ಕೊಟ್ಟಿತು. ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠ ನಿಯಮ ಬರುವವರೆಗೆ ನಿಲ್ಲಿಸಿ ಎಂದಿತು. ಮುಂದಿನ ತಿಂಗಳು ಅಲ್ಲಿನದೇ ವಿಭಾಗೀಯ ಪೀಠ ಆ ಆದೇಶವನ್ನು ತಡೆಹಿಡಿಯಿತು. ಆ್ಯಪ್ ಕಂಪನಿಗಳ ವಾದ ಹೀಗೆ: ನಾವು ಮಾರುವವರಲ್ಲ, ಮಧ್ಯವರ್ತಿಗಳು, ಮಾರುವುದು ಲೈಸೆನ್ಸ್ ಇರುವ ಅಂಗಡಿ. ಔಷಧ ವ್ಯಾಪಾರಿಗಳ ಸಂಘಗಳು ಇದನ್ನು ಒಪ್ಪುವುದಿಲ್ಲ.

ಇದರ ನಡುವೆ ಕೋವಿಡ್ ಬಂತು. 2020ರ ಮಾರ್ಚ್ 26ರಂದು, ಲಾಕ್‌ಡೌನ್ ಶುರುವಾದ ಎರಡನೇ ದಿನ, ಕೇಂದ್ರ ಸರ್ಕಾರ ಅಧಿಸೂಚನೆಯೊಂದರ ಮೂಲಕ ಚಿಲ್ಲರೆ ಲೈಸೆನ್ಸ್ ಇರುವ ಅಂಗಡಿಗಳಿಗೆ ಮನೆ ಬಾಗಿಲಿಗೆ ಔಷಧ ತಲುಪಿಸಲು ಅನುಮತಿ ಕೊಟ್ಟಿತು. ಅದರ ಷರತ್ತುಗಳನ್ನು ಈ ವ್ಯವಹಾರಕ್ಕಿಳಿಯುವ ಪ್ರತಿಯೊಬ್ಬರೂ ಓದಬೇಕು. ಚೀಟಿಯನ್ನು ಖುದ್ದಾಗಿ ಅಥವಾ ಇಮೇಲ್‌ನಲ್ಲಿ ಪಡೆಯಬೇಕು. ಅಂಗಡಿ ಇರುವ ಕಂದಾಯ ಜಿಲ್ಲೆಯೊಳಗಿನ ರೋಗಿಗೆ ಮಾತ್ರ ಕೊಡಬೇಕು. ದೀರ್ಘಕಾಲದ ಕಾಯಿಲೆಯಾದರೆ ಚೀಟಿ ಬರೆದು 30 ದಿನ ದಾಟಿರಬಾರದು, ತಕ್ಷಣದ ಕಾಯಿಲೆಯಾದರೆ 7 ದಿನ. ಮಾದಕ ಮತ್ತು ಮನೋಪರಿಣಾಮಿ ಔಷಧಗಳು, ಶೆಡ್ಯೂಲ್ ಎಚ್1, ಶೆಡ್ಯೂಲ್ ಎಕ್ಸ್ ಪಟ್ಟಿಯವು ಇದರಲ್ಲಿ ಇಲ್ಲ.

ಎಚ್1 ಎಂದರೆ ಏನೋ ಅಪರೂಪದ್ದು ಅಂದುಕೊಳ್ಳಬೇಡಿ. ಗಂಟಲು ನೋವಿಗೂ ಬರೆಯುವ ಸೆಫಿಕ್ಸಿಮ್, ನಿದ್ದೆಗೆ ಕೊಡುವ ಆಲ್ಪ್ರಜೋಲಮ್, ನೋವಿಗೆ ಟ್ರಮಡಾಲ್, ಕ್ಷಯದ ರಿಫಾಂಪಿಸಿನ್ ಎಲ್ಲ ಅದರಲ್ಲಿವೆ. ಅಂಗಡಿಯವರು ಇವಕ್ಕೆ ಪ್ರತ್ಯೇಕ ರಿಜಿಸ್ಟರ್ ಇಟ್ಟು, ಚೀಟಿ ಬರೆದ ಡಾಕ್ಟರ್, ರೋಗಿ, ಔಷಧದ ಪ್ರಮಾಣ ದಾಖಲಿಸಿ ಮೂರು ವರ್ಷ ಕಾಪಾಡಬೇಕು. ಎಚ್1 ಔಷಧದ ಸ್ಟ್ರಿಪ್ ಮೇಲೆ ಕೆಂಪು ಚೌಕಟ್ಟಿನ ಎಚ್ಚರಿಕೆ ಇರುತ್ತದೆ. ಬೈಕಿನ ಬ್ಯಾಗಿಗೆ ಹಾಕುವ ಮುನ್ನ ನೋಡಬೇಕಾದ ಗುರುತು ಇದು.

ಈ ಅಧಿಸೂಚನೆಗೆ ಕಾರಣ ಕೋವಿಡ್, ಆದರೆ ಅದರಲ್ಲಿ ಮುಕ್ತಾಯದ ದಿನಾಂಕ ಬರೆದಿರಲಿಲ್ಲ. ಅದನ್ನು ವಾಪಸ್ ತೆಗೆದುಕೊಳ್ಳಿ ಎಂದು ವ್ಯಾಪಾರಿಗಳ ಸಂಘ ಕೇಳುತ್ತಲೇ ಬಂದಿದೆ. ಹೀಗಾಗಿ ದೊಡ್ಡವರು ನಿಂತಿರುವ ನೆಲವೂ ಗಟ್ಟಿಯಲ್ಲ. ಅವರಿಗೆ ವಕೀಲರ ಪಡೆ ಇದೆ. ಫ್ರಾಂಚೈಸಿ ಶುಲ್ಕ ಕಟ್ಟಿದ ಹುಡುಗನಿಗೆ ಯಾರಿದ್ದಾರೆ?

ಬೈಕಿನ ಇನ್ಶೂರೆನ್ಸ್ ಇದೆಯಲ್ಲ?

ಲೈಸೆನ್ಸ್ ವಿಷಯ ಒಂದಿಷ್ಟಾದರೂ ಜನಕ್ಕೆ ಗೊತ್ತು. ಇನ್ಶೂರೆನ್ಸ್ ವಿಷಯ ಬಹುತೇಕ ಯಾರಿಗೂ ಗೊತ್ತಿಲ್ಲ. ಬರೀ ಒಯ್ಯುವ ಕೆಲಸ ಮಾಡುವವರಿಗೆ, ಅಂದರೆ ಕಾನೂನು ಪ್ರಕಾರ ಸರಿಯಾಗೇ ಇರುವವರಿಗೆ, ಪೆಟ್ಟು ಬೀಳುವುದು ಇಲ್ಲೇ.

ನಿಮ್ಮ ಬೈಕಿನ ಪಾಲಿಸಿಯ ಪಿಡಿಎಫ್ ಫೋನಿನಲ್ಲಿದ್ದರೆ ತೆರೆಯಿರಿ. ‘ಬಳಕೆಯ ಮಿತಿ’ ಎಂಬ ಅರ್ಥದ ಒಂದು ಪ್ಯಾರಾ ಸಣ್ಣಕ್ಷರದಲ್ಲಿ ಇರುತ್ತದೆ. ಖಾಸಗಿ ದ್ವಿಚಕ್ರ ವಾಹನದ ಪಾಲಿಸಿಗಳಲ್ಲಿ ಅದು ಹೆಚ್ಚುಕಡಿಮೆ ಒಂದೇ ಥರ: ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಬಳಸಿದರೆ, ಸ್ಯಾಂಪಲ್ ಅಥವಾ ಸ್ವಂತ ಲಗೇಜ್ ಬಿಟ್ಟು ಬೇರೆ ಸರಕು ಸಾಗಿಸಿದರೆ, ರೇಸಿಗೆ ಬಳಸಿದರೆ ಈ ಪಾಲಿಸಿ ಅನ್ವಯಿಸದು. ಅಂಗಡಿಯ ಔಷಧದ ಕವರ್ ನಿಮ್ಮ ಸ್ವಂತ ಲಗೇಜ್ ಅಲ್ಲ. ಅಂಗಡಿ ಮಾಲೀಕರೇ ತಮ್ಮ ಬೈಕಿನಲ್ಲಿ ತಮ್ಮ ಗಿರಾಕಿಗೆ ಒಯ್ದರೂ ಅದು ಸರಕೇ.

ಇದರ ಪರಿಣಾಮ ಎರಡು ಥರ. ನಿಮ್ಮ ಬೈಕ್ ಜಖಂ ಆದರೆ, ಡೆಲಿವರಿಗೆ ಬಳಸುತ್ತಿದ್ದಿರಿ ಎಂಬ ಕಾರಣಕ್ಕೆ ಕಂಪನಿ ಕ್ಲೇಮ್ ತಿರಸ್ಕರಿಸಬಹುದು. ಅದು ಕೆಲವು ಸಾವಿರದ ಮಾತು. ಎರಡನೆಯದು ದೊಡ್ಡದು. ನಿಮ್ಮ ಬೈಕ್ ತಾಗಿ ರಸ್ತೆ ದಾಟುತ್ತಿದ್ದವರೊಬ್ಬರ ಕಾಲು ಮುರಿಯಿತು ಅಂದುಕೊಳ್ಳಿ. ಮೋಟಾರು ಅಪಘಾತ ನ್ಯಾಯಮಂಡಳಿ ಗಾಯಾಳುವಿಗೆ ಪರಿಹಾರ ಕೊಡಿಸುತ್ತದೆ. ಪಾಲಿಸಿಯ ಷರತ್ತು ಮುರಿದಿದ್ದರೆ ‘ಕಂಪನಿ ಮೊದಲು ಕೊಡಲಿ, ಆಮೇಲೆ ವಾಹನದ ಮಾಲೀಕರಿಂದ ವಸೂಲಿ ಮಾಡಲಿ’ ಎಂದು ಆದೇಶಿಸುವ ಪದ್ಧತಿ ಇದೆ. ಗಾಯಾಳುವಿನ ಪಾಲಿಗೆ ಇದು ನ್ಯಾಯವೇ. ಮಾಲೀಕರ ಪಾಲಿಗೆ ಹೇಳುವುದಾದರೆ, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ದೂ ಇಲ್ಲದಂತೆ. ಆರ್‌ಸಿ ಅಪ್ಪನ ಹೆಸರಲ್ಲಿದ್ದರೆ ನೋಟಿಸ್ ಬರುವುದು ಅಪ್ಪನಿಗೆ.

ಹಾಗಾಗಿ ಮೊದಲ ಡೆಲಿವರಿಗಿಂತ ಮುಂಚೆ ವಿಮಾ ಕಂಪನಿಗೆ ಒಂದು ಇಮೇಲ್ ಹಾಕಿ: ‘ಈ ವಾಹನವನ್ನು ಸರಕು ತಲುಪಿಸಲು ಬಳಸುತ್ತೇನೆ, ಯಾವ ಪಾಲಿಸಿ ಬೇಕು, ನೋಂದಣಿಯನ್ನು ವಾಣಿಜ್ಯ ಬಳಕೆಗೆ ಬದಲಿಸಬೇಕೇ?’ ಏಜೆಂಟರು ಫೋನಿನಲ್ಲಿ “ಏನೂ ಆಗಲ್ಲ ಬಿಡಿ ಸರ್” ಎಂದದ್ದು ಕ್ಲೇಮ್ ಸಮಯದಲ್ಲಿ ಯಾರ ನೆನಪಿನಲ್ಲೂ ಇರುವುದಿಲ್ಲ. ಬರಹದಲ್ಲಿರುವ ಉತ್ತರ ಇರುತ್ತದೆ.

ನಿಧಾನ ಓಡುವ ಎಲೆಕ್ಟ್ರಿಕ್ ಸ್ಕೂಟರ್‌ಗಳ ಬಗ್ಗೆಯೂ ಹೇಳಬೇಕು. ಗಂಟೆಗೆ 25 ಕಿಲೋಮೀಟರ್ ಮೀರದ, 250 ವಾಟ್‌ಗಿಂತ ಕಡಿಮೆ ಮೋಟಾರಿನ ಗಾಡಿಗಳಿಗೆ ನೋಂದಣಿ ಬೇಡ, ಡಿಎಲ್ ಬೇಡ, ಥರ್ಡ್ ಪಾರ್ಟಿ ವಿಮೆಯೂ ಕಡ್ಡಾಯವಲ್ಲ. ಡೆಲಿವರಿ ಹುಡುಗರಿಗೆ ಅಚ್ಚುಮೆಚ್ಚಾಗಿರುವುದು ಅದಕ್ಕೇ. ವಿಮೆ ಕಡ್ಡಾಯವಲ್ಲ ಎಂದರೆ ಯಾರಿಗಾದರೂ ತಾಗಿದರೆ ಹೊಣೆ ಇಲ್ಲ ಅಂತಲ್ಲ. ಕೊಡಬೇಕಾದ ಪರಿಹಾರ ನೇರ ಜೇಬಿನಿಂದ.

ಕೆಲಸಕ್ಕಿಟ್ಟುಕೊಂಡ ಹುಡುಗ ಬಿದ್ದರೆ

ವ್ಯವಹಾರ ಬೆಳೆದು ಇಬ್ಬರು ಹುಡುಗರನ್ನು ಇಟ್ಟುಕೊಂಡಿರಿ. ಡೆಲಿವರಿಗೆ ಹೋದಾಗ ಒಬ್ಬನಿಗೆ ಅಪಘಾತವಾದರೆ ಪರಿಹಾರ ಕೊಡುವ ಹೊಣೆ ನಿಮ್ಮದು, ತಪ್ಪು ಯಾರದೇ ಇರಲಿ. 1923ರ ನೌಕರರ ಪರಿಹಾರ ಕಾಯ್ದೆಯಿಂದ ಬಂದ ಈ ಹೊಣೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಸಾವಾದರೆ ಲೆಕ್ಕ ಹೀಗೆ: ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. 25 ವರ್ಷಕ್ಕೆ ಆ ಅಂಕಿ 216.91. ಸಂಬಳ 12,000 ರೂಪಾಯಿ ಎಂದರೆ 6,000 ಗುಣಿಸು 216.91, ಅಂದರೆ 13 ಲಕ್ಷ ರೂಪಾಯಿಗೂ ಹೆಚ್ಚು. ಸಣ್ಣ ಮೆಡಿಕಲ್ ಶಾಪ್ ಒಂದನ್ನು ಮುಚ್ಚಿಸಲು ಇಷ್ಟು ಸಾಕು.

ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ ಇಎಸ್‌ಐ ಬರುತ್ತದೆ. ಮಾಲೀಕರ ಪಾಲು ಸಂಬಳದ ಶೇ. 3.25, ನೌಕರನದು ಶೇ. 0.75. ಆಗ ಪರಿಹಾರದ ಭಾರ ಇಎಸ್‌ಐ ಹೊರುತ್ತದೆ. ಅದಕ್ಕಿಂತ ಕಡಿಮೆ ಜನ ಇರುವವರು ವಿಮಾ ಕಂಪನಿಗಳಿಂದ ‘ನೌಕರರ ಪರಿಹಾರ ಪಾಲಿಸಿ’ ಕೊಳ್ಳಬಹುದು. ನಮ್ಮ ಅಭಿಪ್ರಾಯ ಕೇಳಿದರೆ, ಬಣ್ಣದ ಬೋರ್ಡಿಗಿಂತ ಮೊದಲು ದುಡ್ಡು ಹಾಕಬೇಕಾದ್ದು ಇದಕ್ಕೆ. ‘ಅವರು ನೌಕರರಲ್ಲ, ಪಾರ್ಟ್‌ನರ್’ ಎಂದು ಬರೆಸಿಕೊಂಡರೆ ಸಾಕು ಎಂಬ ಸಲಹೆಯೂ ಓಡಾಡುತ್ತದೆ. ನ್ಯಾಯಾಲಯಗಳು ಹೆಸರಿಗಿಂತ ಕೆಲಸದ ಸ್ವರೂಪ ನೋಡುತ್ತವೆ. ಆ್ಯಪ್ ಕಟ್ಟಿಯೇ ನಡೆಸುವವರಿಗೆ ಕರ್ನಾಟಕದಲ್ಲಿ 2025ರ ಗಿಗ್ ಕಾರ್ಮಿಕರ ಕಾಯ್ದೆ ಇದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕಾಗುತ್ತದೆ.

ಬಿಸಿಲಲ್ಲಿ ನಿಂತ ಇನ್ಸುಲಿನ್

ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಏಪ್ರಿಲ್‌ನಲ್ಲಿ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಬೈಕಿನ ಹಿಂದಿನ ಕಪ್ಪು ಡಬ್ಬಿಯೊಳಗೆ ಎಷ್ಟು ಬಿಸಿ ಇರುತ್ತದೆಂದು ಊಹಿಸಿ. ಬಿಸಿಗೆ ಹೆದರಿ ಐಸ್ ಪ್ಯಾಕಿಗೆ ಅಂಟಿಸಿ ಇಟ್ಟರೆ ಇನ್ನೊಂದು ಅಪಾಯ: ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಕೆಟ್ಟದ್ದು ಕಣ್ಣಿಗೆ ಕಾಣದೆಯೂ ಇರಬಹುದು. ರೋಗಿ ಎಂದಿನಂತೆ ಚುಚ್ಚಿಕೊಳ್ಳುತ್ತಾರೆ, ಶುಗರ್ ಇಳಿಯುವುದಿಲ್ಲ. ಐಸ್ ಪ್ಯಾಕಿಗೂ ಔಷಧಕ್ಕೂ ನಡುವೆ ರಟ್ಟೋ ಬಟ್ಟೆಯೋ ಇರಲಿ, ಡಬ್ಬಿಯಲ್ಲಿ ಸಣ್ಣ ಥರ್ಮಾಮೀಟರ್ ಇರಲಿ. ತಂಪಿನ ಔಷಧವನ್ನು ಮೊದಲ ಮನೆಗೇ ತಲುಪಿಸಿ.

2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ತಯಾರಕರಿಗಷ್ಟೇ ಅಲ್ಲ, ಸರಕನ್ನು ಕಾಪಾಡುವುದರಲ್ಲಿ ಎಚ್ಚರ ತಪ್ಪಿದ ಮಾರಾಟಗಾರರಿಗೂ ಹೊಣೆ ಇದೆ. ಇದಕ್ಕೆ, ತಪ್ಪು ಔಷಧ ಕೊಟ್ಟ ಪ್ರಕರಣಗಳಿಗೆ, ವೃತ್ತಿಪರ ಹೊಣೆಗಾರಿಕೆಯ ವಿಮೆ ಸಿಗುತ್ತದೆ. ಅಂಗಡಿಯ ಬೆಂಕಿ, ಕಳ್ಳತನಕ್ಕೆ ಅಂಗಡಿದಾರರ ಪಾಲಿಸಿ ಇದೆ; ಕರೆಂಟ್ ಹೋಗಿ ಫ್ರಿಜ್‌ನ ದಾಸ್ತಾನು ಕೆಟ್ಟರೆ ಅದು ಸಾಮಾನ್ಯವಾಗಿ ಅದರಲ್ಲಿ ಸೇರಿರುವುದಿಲ್ಲ, ಬೇರೆ ಕೇಳಿ ಸೇರಿಸಬೇಕು. ಇವು ಯಾವುವೂ ಕಡ್ಡಾಯವಲ್ಲ. ಕಾನೂನು ಮುರಿದು ಮಾಡಿದ ಕೆಲಸವನ್ನು ಇಂಥ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಲೈಸೆನ್ಸ್ ಇಲ್ಲದೆ ಮಾರಿದವರು ವಿಮೆ ಕೊಂಡಿದ್ದರೂ ಕಂತಿನ ದುಡ್ಡು ವ್ಯರ್ಥ.

ಫ್ರಾಂಚೈಸಿ ಸಂದೇಶದ ನಂಬರಿಗೆ ಕರೆ ಮಾಡುವವರು ಮೂರು ಪ್ರಶ್ನೆ ಕೇಳಿ. ಬಿಲ್ ಯಾವ ಅಂಗಡಿಯ ಹೆಸರಲ್ಲಿ ಆಗುತ್ತದೆ? ಆ ಅಂಗಡಿಯ ಲೈಸೆನ್ಸ್ ಪ್ರತಿ ಕಳಿಸುತ್ತೀರಾ? ಔಷಧ ನನ್ನ ಮನೆಯಲ್ಲಿ ಒಂದು ರಾತ್ರಿಯಾದರೂ ಉಳಿಯಬೇಕಾಗುತ್ತದಾ? ಮೂರನೆಯದಕ್ಕೆ ‘ಹೌದು’ ಎಂದರೆ ಮಾತು ಅಲ್ಲಿಗೇ ನಿಲ್ಲಿಸಿ.

ಇನ್ನು, ಔಷಧ ತರಿಸಿಕೊಳ್ಳುವವರು ನೀವಾಗಿದ್ದರೆ ಕವರ್ ತೆರೆದ ಕೂಡಲೇ ಬಿಲ್ ನೋಡಿ. ಅಂಗಡಿಯ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ, ಔಷಧದ ಬ್ಯಾಚ್ ಸಂಖ್ಯೆ, ಎಕ್ಸ್‌ಪೈರಿ ದಿನಾಂಕ ಅದರಲ್ಲಿರಬೇಕು. ಬ್ಯಾಚ್ ಸಂಖ್ಯೆ ಸ್ಟ್ರಿಪ್ ಮೇಲಿನದಕ್ಕೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಮಾತ್ರೆ ನುಂಗದೆ ಅಂಗಡಿಗೆ ಫೋನ್ ಮಾಡಿ. ಬಿಲ್ಲೇ ಇಲ್ಲದಿದ್ದರೆ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ದೂರು ಕೊಡಬಹುದು.